ಹಂಡೆ, ಮೊಳೆ, ಋಣಾನುಬಂಧ

ನಮ್ಮ ಮನೆಗೂ ಪಕ್ಕದ ಅಕ್ಕಾರ ಮನೆಗೂ ನಡುವೆ ಎದೆಮಟ್ಟದ ಕಂಪೌಂಡ್ ಗೋಡೆ. ಬೆಳಗಾವಿಯ ಅನಗೋಳದ ಮಳೆ ಗೊತ್ತಲ್ಲ, ಜೂನಿನಲ್ಲಿ ಹಿಡಿದರೆ ದಸರೆ ಹತ್ತಿರ ಬಂದರೂ ಜಿನುಗು ಬಿಡುವುದಿಲ್ಲ. ಗೋಡೆ ತುಂಬ ಹಸಿರು ಪಾಚಿ. ಆದರೆ ಪೇರಲ ಗಿಡದ ಪಕ್ಕ ಎರಡು ಮೊಳದಷ್ಟು ಜಾಗದಲ್ಲಿ ಮಾತ್ರ ಪಾಚಿ ಹತ್ತಿಲ್ಲ. ಈಚೆಯಿಂದ ನನ್ನ ಮೊಣಕೈ, ಆಚೆಯಿಂದ ಅಕ್ಕಾರ ಮೊಣಕೈ ಊರಿ ಊರಿ ಅಲ್ಲಿ ಸಿಮೆಂಟು ನುಣ್ಣಗಾಗಿದೆ. ಕರಿಬೇವು, ಹೆಪ್ಪಿನ ಮಜ್ಜಿಗೆ, ಹಳೇ ಪೇಪರು, ಓಣಿಯ ಸುದ್ದಿ, ಎಲ್ಲದರ ಆಮದು ರಫ್ತು ಅಲ್ಲಿಂದಲೇ. ಅಕ್ಕಾರು ಓಣಿಯ ಹೆಂಗಸರದೊಂದು ಭಿಶಿ, ಅಂದರೆ ಚೀಟಿ, ನಡೆಸುತ್ತಾರೆ. ಹಾಗಾಗಿ ಕೊಡುವ ತಗೊಳ್ಳುವ ಮಾತು ಬಂದರೆ ಅವರ ಹುಬ್ಬು ತಾನಾಗಿ ಮೇಲೇರುತ್ತದೆ. ನಾನು ಉದ್ಯಮಬಾಗದಲ್ಲಿ ಮೂವತ್ತು ವರ್ಷ ಪ್ಲೇಟಿಂಗ್ ಮಾಡಿ, ಆಸಿಡ್ಡಿನ ಹಬೆಗೆ ಮೂಗಿನ ಚುರುಕು ಕಳೆದುಕೊಂಡು, ಈಗ ಮನೆಯಲ್ಲಿ ಗಿಡಕ್ಕೆ ನೀರು ಹಾಕುತ್ತ ಇರುವವನು.

ದೀಪಾವಳಿಗೆ ಮೂರು ದಿನ ಇತ್ತು. ನೀರು ತುಂಬುವ ಹಬ್ಬಕ್ಕೆ ಬಚ್ಚಲಿನ ತಾಮ್ರದ ಹಂಡೆ ಬೆಳಗಬೇಕು. ಅಕ್ಕಾರು ಅದನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದು, ಹುಣಸೆಹಣ್ಣು ಹರಳುಪ್ಪು ಕೂಡಿಸಿ ತಿಕ್ಕುತ್ತಿದ್ದರು. ಕಟ್ಟೆಯ ಮೇಲೆ ಅವರ ಮೊಮ್ಮಗಳು, ಹತ್ತನೇ ಇಯತ್ತೆ, ಪುಸ್ತಕ ಹಿಡಿದು ಮೈ ತೂಗುತ್ತ ಬಾಯಿಪಾಠ ಮಾಡುತ್ತಿದ್ದಳು. ಸೋಡಿಯಂ ತನ್ನ ಒಂದು ವೇಲೆನ್ಸಿ ಎಲೆಕ್ಟ್ರಾನನ್ನು ದಾನ ಮಾಡಿ ಧನ ಅಯಾನು ಆಗುತ್ತದೆ, ಕ್ಲೋರಿನ್ ಅದನ್ನು ಸ್ವೀಕರಿಸಿ ಋಣ ಅಯಾನು ಆಗುತ್ತದೆ. ಸೋಡಿಯಂ ತನ್ನ ಒಂದು... ಹೀಗೆ ನಾಲ್ಕು ಸಲ.

ಐದನೆಯ ಸಲಕ್ಕೆ ಹಂಡೆ ತಿಕ್ಕುವ ಸಪ್ಪಳ ನಿಂತಿತು.

"ಅಣ್ಣಾರ, ಅದೀರೇನ್ರಿ?"

"ಅದೀನ್ರಿ ಅಕ್ಕಾರ."

"ಇಲ್ಲಿ ಕೇಳ್ರಿ. ದಾನ ಮಾಡತಾನಂತ. ನನಗ ಅರವತ್ತೆರಡು ವರ್ಷ ಆತು, ಕೇಳದನ ಕೊಟ್ಟವರನ್ನ ಒಬ್ಬರನ್ನೂ ನೋಡಿಲ್ಲ. ಕೇಳಿದರೂ ಕೊಡೂದಿಲ್ಲ. ಈ ಸೋಡಿಯಂ ಯಾಂವ್ರಿ ಇಷ್ಟ ಧರ್ಮಾತ್ಮ?"

"ನಿಮ್ಮ ಕೈಯಾಗಿನ ಉಪ್ಪಿನ್ಯಾಗ ಅದಾನ್ರಿ ಅಂವ."

ಅಕ್ಕಾರು ಅಂಗೈ ಬಿಚ್ಚಿ ಉಪ್ಪಿನ ಹರಳು ನೋಡಿದರು. ಧರ್ಮಾತ್ಮನ ಗುರುತೇನೂ ಕಾಣಲಿಲ್ಲ.

ನನಗೂ ಈ 'ದಾನ' ಎಂಬ ಮಾತಿನ ಮೇಲೆ ಹಳೆಯ ಸಿಟ್ಟು. ನಾವು ಕಲಿಯುವಾಗಲೂ ಹೀಗೇ ಹೇಳಿದ್ದರು. ಪರಮಾಣುವಿಗೆ ಹೊರಗಿನ ಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗಬೇಕು ಎಂಬ ಆಸೆಯಂತೆ, ಅದಕ್ಕೇ ಒಬ್ಬ ಸಂತೋಷದಿಂದ ಕೊಡುತ್ತಾನೆ, ಇನ್ನೊಬ್ಬ ಸಂತೋಷದಿಂದ ತಗೊಳ್ಳುತ್ತಾನೆ, ಇಬ್ಬರಿಗೂ ಸುಖ. ಮದುವೆಯ ದಲ್ಲಾಳಿ ಹೇಳುವ ಹಾಗಿದೆ ಇದು. ಎಂಟರ ಈ ಲೆಕ್ಕವನ್ನು 1916ರಲ್ಲಿ ಅಮೆರಿಕದ ಲೂಯಿಸ್, ಜರ್ಮನಿಯ ಕೊಸೆಲ್ ಇಬ್ಬರೂ ಬೇರೆ ಬೇರೆ ಕೂತು ಗುರುತಿಸಿದರು. ಅದು ಗುರುತು, ಆಸೆಯಲ್ಲ. ಪರಮಾಣುವಿಗೆ ಎಲ್ಲಿಯ ಆಸೆ?

ಹುಡುಗಿಗೆ ನಾನು ಹೇಳಿದ್ದು ಹೀಗೆ. ಪರಮಾಣು ಅಂದರೆ ನಮ್ಮ ಕಡೆಯ ಹಳೇ ವಾಡೆ ಅಂತ ತಿಳಿ. ನಟ್ಟ ನಡುವೆ ದೇವರ ಕೋಣೆಯಲ್ಲಿ ಯಜಮಾನ, ಅಂದರೆ ನ್ಯೂಕ್ಲಿಯಸ್ಸು, ಅವನು ಎಲ್ಲರನ್ನೂ ಒಳಗೆ ಎಳೆಯುತ್ತಿರುತ್ತಾನೆ. ಸೋಡಿಯಮ್ಮಿನ ವಾಡೆಯಲ್ಲಿ ಹನ್ನೊಂದು ಮಂದಿ. ಒಳಕೋಣೆಯಲ್ಲಿ ಇಬ್ಬರು, ನಡುಮನೆಯಲ್ಲಿ ಎಂಟು ಜನ, ಹೊರಗೆ ಕಟ್ಟೆಯ ಮೇಲೆ ಒಬ್ಬನೇ ಒಬ್ಬ. ಈ ಕಟ್ಟೆಯ ಮೇಲೆ ಕೂತವರಿಗೇ ನಿನ್ನ ಪುಸ್ತಕದಲ್ಲಿ ವೇಲೆನ್ಸಿ ಎಲೆಕ್ಟ್ರಾನ್ ಅಂತ ಹೆಸರು. ಯಜಮಾನನ ಕೂಗು ಅವನಿಗೆ ಕೇಳಬೇಕೆಂದರೆ ನಡುವೆ ಹತ್ತು ಮಂದಿ ಗದ್ದಲ ಹಾಕುತ್ತಿದ್ದಾರೆ. ಆದ್ದರಿಂದ ಅವನ ಮೇಲಿನ ಹಿಡಿತ ಸಡಿಲ. ಕ್ಲೋರಿನ್ನಿನ ವಾಡೆಯಲ್ಲಿ ಹದಿನೇಳು ಜನ. ಒಳಗೆ ಅದೇ ಇಬ್ಬರು, ಅದೇ ಎಂಟು, ಕಟ್ಟೆಯ ಮೇಲೆ ಏಳು. ಗದ್ದಲ ಹಾಕುವವರು ಇಲ್ಲೂ ಹತ್ತೇ, ಆದರೆ ಯಜಮಾನನ ದನಿ ಹನ್ನೊಂದರದ್ದಲ್ಲ, ಹದಿನೇಳರದ್ದು. ಕಟ್ಟೆಯ ಮೇಲೆ ಇನ್ನೊಬ್ಬ ಬಂದು ಕೂತರೂ ಅವನನ್ನು ಹಿಡಿದಿಡುವಷ್ಟು ಜೋರಿದೆ.

"ಸಡಿಲ ಅಂದ್ರ ಬಿಟ್ಟ ಕೊಡತಾನಂತಲ್ಲ" ಎಂದರು ಅಕ್ಕಾರು, ಭಿಶಿಯಲ್ಲಿ ಕಂತು ತಪ್ಪಿಸಿದವರನ್ನು ನೋಡುವ ಕಣ್ಣಿನಲ್ಲಿ.

ಬಿಟ್ಟುಕೊಡುವುದಿಲ್ಲ. ಅದನ್ನೇ ನಾನು ಹೇಳಲಿಕ್ಕೆ ಬಂದದ್ದು. ಒಂದು ನಿಂಬೆಹಣ್ಣಿನ ಗಾತ್ರದ ಸೋಡಿಯಂ ತಗೊಳ್ಳಿ, 23 ಗ್ರಾಂ. ಅದನ್ನು ಹಬೆಯ ಹಾಗೆ ಬಿಡಿಬಿಡಿ ಪರಮಾಣು ಮಾಡಿದಿರಿ ಅನ್ನಿ. ಆ ಪ್ರತಿಯೊಂದರ ಕಟ್ಟೆಯ ಮೇಲಿನ ಒಬ್ಬನನ್ನು ಎಬ್ಬಿಸಿ ಕಳಿಸಲಿಕ್ಕೆ 496 ಕಿಲೋಜೌಲ್ ಶಕ್ತಿ ನಾವು ಖರ್ಚು ಮಾಡಬೇಕು. ಧರ್ಮಾತ್ಮನಾಗಿದ್ದರೆ ಯಾಕೆ ಖರ್ಚು? ಇನ್ನು ಕ್ಲೋರಿನ್ ಆ ಎಲೆಕ್ಟ್ರಾನನ್ನು ತಗೊಂಡಾಗ ಶಕ್ತಿ ವಾಪಸು ಬರುತ್ತದೆ ನಿಜ, ಆದರೆ 349 ಮಾತ್ರ.

ಅಕ್ಕಾರು ಹುಣಸೆಹಣ್ಣಿನ ಬೆರಳಿನಲ್ಲೇ ಹಂಡೆಯ ಮೇಲೆ ಲೆಕ್ಕ ಬರೆದರು. "ನೂರಾ ನಾಲವತ್ತೇಳು ಕಡಿಮಿ ಬಿತ್ತಲ್ರಿ. ಇದನ್ನ ಯಾರ ತುಂಬತಾರ?"

ಮೂವತ್ತು ವರ್ಷದಲ್ಲಿ ನಮ್ಮ ಶಾಪಿಗೆ ಬಂದ ಟ್ರೇನಿ ಇಂಜಿನಿಯರುಗಳಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ಒಬ್ಬ ಕೊಟ್ಟು ಇನ್ನೊಬ್ಬ ತಗೊಂಡರೆ ಅಲ್ಲಿಗೆ ಕತೆ ಮುಗಿಯಿತು ಎಂದು ಎಲ್ಲರೂ ನಂಬಿದ್ದರು. ಬರೀ ಕೊಡು ತಗೊಳ್ಳುವಿಕೆಯಲ್ಲಿ ನಿಂತರೆ ಇದು ನಷ್ಟದ ವ್ಯಾಪಾರ. ಲಾಭ ಬರುವುದು ಆಮೇಲೆ. ಕೊಟ್ಟವನೂ ತಗೊಂಡವನೂ ದೂರ ಹೋಗದೆ ಪಕ್ಕಪಕ್ಕ ಬಂದು ಕೂತಾಗ. ಕೊಟ್ಟವನ ಸುತ್ತ ಆರು ಮಂದಿ ತಗೊಂಡವರು, ತಗೊಂಡವನ ಸುತ್ತ ಆರು ಮಂದಿ ಕೊಟ್ಟವರು, ಎಡ ಬಲ ಹಿಂದೆ ಮುಂದೆ ಮೇಲೆ ಕೆಳಗೆ. ಹಾಗೆ ಸಾಲುಗಟ್ಟಿ ಉಪ್ಪಿನ ಹರಳಾಗುವಾಗ 787 ಕಿಲೋಜೌಲ್ ಹೊರಗೆ ಬೀಳುತ್ತದೆ. ಬಾಕಿ 147 ತೀರಿ, ಮೇಲೆ 640 ಉಳಿತಾಯ.

"ಹಂಗನ್ರಿ ಮತ್ತ" ಎಂದರು ಅಕ್ಕಾರು, ಹಂಡೆಯ ಮೇಲಿನ ಲೆಕ್ಕ ಒರೆಸುತ್ತ. "ಅದು ದಾನ ಅಲ್ಲ, ಭಿಶಿ. ಕೈಯಾಗಿಂದ ಹೋಗೂ ಮುಂದ ಎಲ್ಲಾರಿಗೂ ಹೊಟ್ಟಿ ಉರೀತೈತಿ. ಎತ್ತಿದಾಗ ನಗತಾರ."

ಹುಡುಗಿ ಮಾತ್ರ ಇನ್ನೊಂದು ಎಳೆ ಹಿಡಿದಳು. ಒಂದು ಎಲೆಕ್ಟ್ರಾನ್ ಹೋದರೆ ಇಷ್ಟು ಲಾಭ ಇದ್ದರೆ ಸೋಡಿಯಂ ಎರಡನೆಯದನ್ನೂ ಯಾಕೆ ಕೊಡಬಾರದು ಅಜ್ಜಾ? ಅದರ ದರ ಕೇಳು ಎಂದೆ. ಮೊದಲನೆಯವನಿಗೆ 496 ಆದರೆ ಎರಡನೆಯವನನ್ನು ಕಳಿಸಲಿಕ್ಕೆ 4562. ಒಂಬತ್ತು ಪಟ್ಟಿಗಿಂತ ಹೆಚ್ಚು. ಯಾಕೆಂದರೆ ಕಟ್ಟೆ ಖಾಲಿಯಾಯಿತು, ಇನ್ನು ನಡುಮನೆಗೆ ಕೈ ಹಾಕಬೇಕು. ಅಲ್ಲಿ ಯಜಮಾನನ ಹಿಡಿತ ಬಿಗಿ. ಯಾವ ಹರಳು ಕಟ್ಟಿದರೂ ಆ ಖರ್ಚು ಹುಟ್ಟುವುದಿಲ್ಲ. ಎಂಟು ಎಂಟು ಎಂದು ಪುಸ್ತಕ ಬಡಿದುಕೊಳ್ಳುವುದು ಇದಕ್ಕೇ. ಎಂಟರ ಪೂಜೆಯಲ್ಲ, ದರ ಅಲ್ಲಿಗೆ ಒಮ್ಮೆಲೇ ಮುಗಿಲಿಗೆ ಏರುತ್ತದೆ, ಅಷ್ಟೇ.

ಅಷ್ಟರಲ್ಲಿ ಅಕ್ಕಾರು ಹಂಡೆಗೆ ನೀರು ಹೊಯ್ಯಲು ತಂಬಿಗೆ ಎತ್ತಿದರು.

"ತಡೀರಿ, ಆ ರಾಡಿ ಚೆಲ್ಲಬ್ಯಾಡ್ರಿ. ಒಂದ ಮಗ್ ಇತ್ತ ಕೊಡ್ರಿ."

"ಯವ್ವಾ, ಈ ಹೊಲಸ ಯಾಕ್ರಿ?"

"ಕೊಡ್ರಿ ಅಂದ್ರ."

ಹುಣಸೆ ರಸ, ಉಪ್ಪು, ಹಂಡೆಯ ಕಿಲುಬು ಕೂಡಿದ ನೀರು. ಹಳೇ ಪಂಜೆಯ ತುಂಡಿನಲ್ಲಿ ಸೋಸಿದರೆ ಕಂದು ಬಣ್ಣದೊಳಗೆ ತುಸು ಹಸಿರು ಕಂಡಂತೆ ಆಯಿತು. ತಾಮ್ರ ಹಂಡೆಯಲ್ಲಿ ಇದ್ದಾಗ ತಾಮ್ರ. ಗಾಳಿಯ ಆಮ್ಲಜನಕ ಅದರ ಎರಡು ಎಲೆಕ್ಟ್ರಾನ್ ಕಸಿದುಕೊಂಡು ಮೈಮೇಲೆ ಕರಿಕು ಹಿಡಿಸಿತ್ತು. ಅಂದರೆ ಕಿಲುಬಿನಲ್ಲಿದ್ದ ತಾಮ್ರ ಆಗಲೇ ಅಯಾನು ಆಗಿ ಕೂತಿತ್ತು. ಹುಣಸೆಹಣ್ಣಿನ ಹುಳಿ ಅದನ್ನು ಕರಗಿಸಿ ನೀರಿಗೆ ಇಳಿಸಿತು, ಒಳಗಿನ ಹೊಸ ತಾಮ್ರ ಹೊಳೆಯಿತು. ಅಂದರೆ ಪ್ರತಿ ದೀಪಾವಳಿಗೂ ಅಕ್ಕಾರು ತಮ್ಮ ಹಂಡೆಯ ಒಂದು ತೆಳು ಪದರನ್ನು ಗಟಾರಿಗೆ ಬಿಡುತ್ತಾರೆ. ಇದನ್ನು ಆಗ ಹೇಳಲಿಲ್ಲ. ಹೇಳಿದ್ದರೆ ಮಗ್ ಸಿಗುತ್ತಿರಲಿಲ್ಲ.

ಒಂದು ಕಬ್ಬಿಣದ ಮೊಳೆಯನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ಆ ಮಗ್ಗಿನಲ್ಲಿ ಹಾಕಿ ಗೋಡೆಯ ಮೇಲೆ ಇಟ್ಟೆ.

ಅಕ್ಕಾರ ತಲೆಯಲ್ಲಿ ಇನ್ನೂ ಋಣ, ಧನ ಓಡುತ್ತಿತ್ತು. "ಕೊಟ್ಟಾಂವ ಧನ, ತಗೊಂಡಾಂವ ಋಣ. ಈ ಹೆಸರು ಇಟ್ಟಾಂವ ನಮ್ಮ ಕಡಿಯಾಂವ ಇರಬೇಕ್ರಿ, ಲೆಕ್ಕ ಬರೋಬರಿ ಐತಿ."

ನಗು ಬಂತು. ಹೆಸರು ಇಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, 1747ರಲ್ಲಿ. ಅವನು ವಿದ್ಯುತ್ತನ್ನು ಒಂದು ದ್ರವ ಎಂದು ಭಾವಿಸಿ, ಹೆಚ್ಚಿದ್ದಲ್ಲಿ ಕೂಡು ಚಿಹ್ನೆ, ಕಡಿಮೆ ಬಿದ್ದಲ್ಲಿ ಕಳೆಯುವ ಚಿಹ್ನೆ ಹಾಕಿದ. ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂಬುದು ಬರೀ ಊಹೆ. ನೂರೈವತ್ತು ವರ್ಷದ ಮೇಲೆ, 1897ರಲ್ಲಿ, ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದಾಗ ಊಹೆ ತಿರುವುಮುರುವಾಗಿತ್ತು ಎಂದು ತಿಳಿಯಿತು. ತಂತಿಯಲ್ಲಿ ನಿಜವಾಗಿ ಓಡಾಡುವ ಎಲೆಕ್ಟ್ರಾನಿಗೇ ಕಳೆಯುವ ಚಿಹ್ನೆ ಗಂಟು ಬಿದ್ದಿತ್ತು. ಹೀಗಾಗಿ ಒಂದು ಎಲೆಕ್ಟ್ರಾನ್ ಹೆಚ್ಚು ಪಡೆದವನು 'ಮೈನಸ್', ಕಳೆದುಕೊಂಡವನು 'ಪ್ಲಸ್'. ಇಂಗ್ಲಿಷಿನಲ್ಲಿ ಕಲಿಯುವ ಮಕ್ಕಳಿಗೆ ಇದು ಇವತ್ತಿಗೂ ತಲೆನೋವು. ಪಡೆದವನು ಹೇಗೆ ಮೈನಸ್? ಆದರೆ ಕನ್ನಡಕ್ಕೆ ಬರುವಾಗ ಮೈನಸ್ಸು ಋಣವಾಯಿತು, ಪ್ಲಸ್ಸು ಧನವಾಯಿತು. ಫ್ರಾಂಕ್ಲಿನ್ನನ ತಪ್ಪು ನಮ್ಮ ಭಾಷೆಯಲ್ಲಿ ತಾನಾಗಿ ಸರಿಹೋಯಿತು. ತಗೊಂಡವನ ಮೇಲೆ ಋಣ ಇರುತ್ತದೆ, ಇನ್ನೇನು? ಆ ಎರಡರ ನಡುವಿನ ಬಂಧಕ್ಕೆ ಪುಸ್ತಕದಲ್ಲಿ 'ಅಯಾನಿಕ ಬಂಧ' ಎಂದು ಒಣ ಹೆಸರು. ನನ್ನನ್ನು ಕೇಳಿದ್ದರೆ ಋಣಾನುಬಂಧ ಎಂದೇ ಅಚ್ಚು ಹಾಕಿಸುತ್ತಿದ್ದೆ.

ಇನ್ನೊಂದು ತಮಾಷೆಯೂ ಇದೆ. ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೊಮೀಟರ್ ಇದ್ದದ್ದು ಎಲೆಕ್ಟ್ರಾನ್ ಹೋದ ಮೇಲೆ 102ಕ್ಕೆ ಇಳಿಯುತ್ತದೆ. ಕ್ಲೋರಿನ್ 99 ಇದ್ದದ್ದು 181ಕ್ಕೆ ಉಬ್ಬುತ್ತದೆ. "ಕೊಟ್ಟಾಂವ ಸೊರಗಿದ, ತಗೊಂಡಾಂವ ದಪ್ಪಾದ. ಇದನ್ನ ಹೇಳಾಕ ಸಾಯನ್ಸ್ ಯಾಕ ಬೇಕ್ರಿ, ನಮ್ಮ ಓಣಿ ಸಾಕು" ಎಂದು ಅಕ್ಕಾರು ಎದುರು ಮನೆಯ ಕಡೆ ನೋಡಿದರು. ಆ ವಿಷಯ ಇಲ್ಲಿ ಬೇಡ.

ನಾನು ಅಯಾನನ್ನು ಕಲಿತದ್ದು ಪುಸ್ತಕದಲ್ಲಿ ಅಲ್ಲ, ಟ್ಯಾಂಕಿನಲ್ಲಿ. ಉದ್ಯಮಬಾಗದ ಫೌಂಡ್ರಿ, ಮಶಿನ್ ಶಾಪುಗಳಿಂದ ನಮ್ಮಲ್ಲಿಗೆ ಜಾಬ್ ಬರುತ್ತಿದ್ದವು. ಬೋಲ್ಟು, ಬ್ರಾಕೆಟ್ಟು, ಪಂಪಿನ ಬಿಡಿಭಾಗ. ಮೊದಲು ಎಣ್ಣೆ ತೆಗೆಯಬೇಕು, ಆಮೇಲೆ ಆಸಿಡ್ಡಿನಲ್ಲಿ ಅದ್ದಿ ಜಂಗು ಬಿಡಿಸಬೇಕು, ತೊಳೆಯಬೇಕು, ತಂತಿಯ ಕೊಕ್ಕೆಗೆ ಸಿಕ್ಕಿಸಿ ಬಾಥಿನಲ್ಲಿ ಇಳಿಬಿಡಬೇಕು. ಬಾಥ್ ಅಂದರೆ ಝಿಂಕ್ ಕ್ಲೋರೈಡು, ಪೊಟ್ಯಾಶಿಯಂ ಕ್ಲೋರೈಡು, ಬೋರಿಕ್ ಆಸಿಡ್ ಕರಗಿಸಿದ ನೀರು. ಟ್ಯಾಂಕಿನ ಎರಡು ಅಂಚಿಗೆ ಝಿಂಕಿನ ಹಲಗೆಗಳು, ನಡುವಿನ ಹಿತ್ತಾಳೆ ರಾಡಿಗೆ ಜಾಬು. ಗೋಡೆಗೆ ರೆಕ್ಟಿಫೈಯರ್, ಕರೆಂಟನ್ನು ಒಂದೇ ದಿಕ್ಕಿಗೆ ಓಡಿಸುವ ಯಂತ್ರ. ವೋಲ್ಟು ನಾಲ್ಕೋ ಐದೋ, ಆದರೆ ಆಂಪಿಯರು ನೂರುಗಟ್ಟಲೆ.

ಸ್ವಿಚ್ ಒತ್ತಿದರೆ ಏನಾಗುತ್ತದೆ? ಹಲಗೆಯ ಝಿಂಕ್ ಪರಮಾಣುವಿನ ಕಟ್ಟೆಯ ಮೇಲಿನ ಇಬ್ಬರನ್ನು ರೆಕ್ಟಿಫೈಯರ್ ಎಳೆದುಕೊಳ್ಳುತ್ತದೆ. ಇಬ್ಬರನ್ನು ಕಳೆದುಕೊಂಡ ಝಿಂಕ್ ಅಯಾನಾಗಿ ನೀರಿಗೆ ಇಳಿಯುತ್ತದೆ. ಎಳೆದುಕೊಂಡ ಎಲೆಕ್ಟ್ರಾನುಗಳು ತಂತಿಯಲ್ಲಿ ಸುತ್ತಿ ಬಂದು ಜಾಬಿನ ಮೈಮೇಲೆ ಗುಂಪುಗೂಡುತ್ತವೆ. ಅಲ್ಲಿ ಹತ್ತಿರ ತೇಲುತ್ತಿರುವ ಇನ್ಯಾವುದೋ ಝಿಂಕ್ ಅಯಾನು ಇಬ್ಬರನ್ನು ಕೂಡಿಸಿಕೊಂಡು ಮತ್ತೆ ಲೋಹವಾಗಿ ಬೋಲ್ಟಿಗೆ ಅಂಟುತ್ತದೆ. ಎಲೆಕ್ಟ್ರಾನ್ ತಂತಿಯ ದಾರಿಯಲ್ಲಿ, ಅಯಾನು ನೀರಿನ ದಾರಿಯಲ್ಲಿ. ಅರ್ಧ ಗಂಟೆಗೆ ಎತ್ತಿದರೆ ಬೋಲ್ಟು ಬೆಳ್ಳಿಯ ಹಾಗೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಶಾಪಿನ ಹೆಸರು ಬೇಡ. ಒಂದು ಸೋಮವಾರ ರೆಕ್ಟಿಫೈಯರ್ ರಿಪೇರಿಯಾಗಿ ಬಂದಿತ್ತು. ಕೇಬಲ್ ಜೋಡಿಸಿದವನು ನಾನು. ಕೆಂಪು ಟೇಪು, ಕಪ್ಪು ಟೇಪು ಎರಡೂ ಆಸಿಡ್ ಹಬೆಗೆ ಒಂದೇ ಬಣ್ಣಕ್ಕೆ ತಿರುಗಿದ್ದವು. ಅಂದಾಜಿನ ಮೇಲೆ ಕೂಡಿಸಿದೆ. ಸ್ವಿಚ್ ಹಾಕಿದೆ, ಮೀಟರು ಏರಿತು, ಚಹಾ ಕುಡಿಯಲು ಹೋದೆ. ಅರ್ಧ ಗಂಟೆಯ ಮೇಲೆ ಬಂದು ಕೊಕ್ಕೆ ಎತ್ತಿದರೆ ಬೋಲ್ಟುಗಳು ಕರ್ರಗೆ. ಬೆರಳಾಡಿಸಿದರೆ ಮಸಿ ಅಂಟಿತು. ಒಂದು ನಟ್ಟು ತಗೊಂಡು ಹಾಕಿ ನೋಡಿದೆ, ಎಳೆ ಹಿಡಿಯದೆ ಲೊಡಲೊಡ ಅಲ್ಲಾಡಿತು. ಆಟೆ ಸವೆದೇ ಹೋಗಿತ್ತು. ನಾನು ಕೇಬಲ್ ಅದಲುಬದಲು ಮಾಡಿದ್ದರಿಂದ ಎಲೆಕ್ಟ್ರಾನ್ ಕಳೆದುಕೊಳ್ಳುವ ಸರದಿ ಝಿಂಕಿನ ಬದಲು ಬೋಲ್ಟಿನ ಕಬ್ಬಿಣದ್ದಾಗಿತ್ತು. ಕಬ್ಬಿಣ ಇಬ್ಬರಿಬ್ಬರನ್ನು ಕೊಟ್ಟು ಅಯಾನಾಗಿ, ಸದ್ದಿಲ್ಲದೆ, ಗಿರಾಕಿಯ ಬೋಲ್ಟು ಬಿಟ್ಟು ನಮ್ಮ ಬಾಥಿಗೆ ಇಳಿದಿತ್ತು. ಯಾವ ಕಿಡಿ ಇಲ್ಲ, ವಾಸನೆ ಇಲ್ಲ, ಮೀಟರು ಎಂದಿನ ಹಾಗೇ ತೋರಿಸುತ್ತಿತ್ತು. ಮೀಟರಿಗೆ ಎಷ್ಟು ಹೋಯಿತು ಎಂಬುದಷ್ಟೇ ಗೊತ್ತು, ಯಾರ ಮನೆಯಿಂದ ಹೋಯಿತು ಎಂದು ಗೊತ್ತಿಲ್ಲ.

ಸೇಠರು ಬೈದದ್ದು ಅನಗೋಳದ ರೈಲ್ವೆ ಗೇಟಿನ ತನಕ ಕೇಳಿಸಿರಬೇಕು. ಬೈಗುಳಕ್ಕಿಂತ ನನಗೆ ನೆನಪಿರುವುದು ಆಮೇಲೆ ಮೇಸ್ತ್ರಿ ಬಾಥನ್ನು ಶುದ್ಧ ಮಾಡಿದ ರೀತಿ. ಕಬ್ಬಿಣ ಕೂಡಿದ ಬಾಥಿನಲ್ಲಿ ಪ್ಲೇಟಿಂಗ್ ಹೊಳಪು ಬರುವುದಿಲ್ಲ. ಆದರೆ ಕರಗಿದ ಕಬ್ಬಿಣವನ್ನು ಚಿಮಟದಿಂದ ಎತ್ತಲಿಕ್ಕಾಗುತ್ತದೆಯೆ? ಮೇಸ್ತ್ರಿ ಒಂದು ಕ್ಯಾನಿನಿಂದ ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಬೆರೆಸಿ ನಿಧಾನ ಹೊಯ್ದ. ಕಣ್ಣೆದುರೇ ಬಾಥಿನಲ್ಲಿ ಕಂದು ಮೋಡ ಎದ್ದಿತು. ಖಾನಾಪುರದ ಹಾದಿಯ ಮಣ್ಣು ನೀರಿಗೆ ಬಿದ್ದ ಹಾಗೆ. ಇಬ್ಬರನ್ನು ಕೊಟ್ಟಿದ್ದ ಕಬ್ಬಿಣದಿಂದ ಪೆರಾಕ್ಸೈಡು ಮೂರನೆಯವನನ್ನೂ ಕಸಿದುಕೊಂಡಿತ್ತು. ಇಬ್ಬರನ್ನು ಕಳೆದುಕೊಂಡ ಕಬ್ಬಿಣ ಆ ನೀರಿನಲ್ಲಿ ಕರಗಿರುತ್ತದೆ, ಮೂವರನ್ನು ಕಳೆದುಕೊಂಡದ್ದು ಕರಗಿರಲಾರದೆ ಜಂಗಿನ ಕೆಸರಾಗಿ ಕೂಡುತ್ತದೆ. ಸೋಸಿ ತೆಗೆದೆವು. ಒಂದೇ ಒಂದು ಎಲೆಕ್ಟ್ರಾನಿನ ಫರಕಿಗೆ ಕಾಣದ್ದು ಕಂಡಿತು. ಶಾಲೆಯಲ್ಲಿ 'ಫೆರಸ್, ಫೆರಿಕ್' ಎಂದು ಉರು ಹೊಡೆದು ಮೂವತ್ತೈದು ಮಾರ್ಕು ತಗೊಂಡಿದ್ದವನಿಗೆ ಆ ದಿನ ಅದು ತಲೆಗೆ ಹೋಯಿತು. ಸಂಬಳದಲ್ಲಿ ಬೋಲ್ಟಿನ ದುಡ್ಡೂ ಹೋಯಿತು.

ಮಾರ್ಕಿನ ಮಾತಿಗೆ ಹುಡುಗಿ ಕಿವಿ ನಿಮಿರಿಸಿದಳು. ಅವಳಿಗೆ ಸ್ವೀಡನ್ನಿನ ಅರ್‍ಹೇನಿಯಸ್ಸನ ಕತೆ ಹೇಳಿದೆ. ಉಪ್ಪು ನೀರಿಗೆ ಬಿದ್ದರೆ ಸಾಕು, ಕರೆಂಟು ಹಾಯಿಸದಿದ್ದರೂ ತಾನಾಗಿ ಅಯಾನುಗಳಾಗಿ ಬಿಡಿಸಿಕೊಳ್ಳುತ್ತದೆ ಎಂಬ ವಿಚಾರದ ಬೀಜ ಇದ್ದ ಪ್ರಬಂಧವನ್ನು ಅವನು 1884ರಲ್ಲಿ ಉಪ್ಸಾಲದಲ್ಲಿ ಕೊಟ್ಟಾಗ ಪರೀಕ್ಷಕರು ಹೇಗೋ ಪಾಸು ಮಾಡುವಷ್ಟು ದರ್ಜೆ ಕೊಟ್ಟು ಕಳಿಸಿದರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್. ಹುಡುಗಿ ಕೂಡಲೇ ಅಜ್ಜಿಯ ಕಡೆ ತಿರುಗಿ "ಕೇಳಿದ್ಯಾ?" ಎಂದಳು. ಅಜ್ಜಿ, "ಅಂವ ಪಾಸರ ಆಗಿದ್ದ" ಎಂದರು.

ಅಯಾನು ಎಂಬ ಹೆಸರನ್ನು 1834ರಲ್ಲಿ ಲೋಕಕ್ಕೆ ಕೊಟ್ಟವನು ಮೈಕೆಲ್ ಫ್ಯಾರಡೆ. ಅವನಿಗೆ ಗ್ರೀಕ್ ಅಷ್ಟಾಗಿ ಬರುತ್ತಿರಲಿಲ್ಲ. ಕೇಂಬ್ರಿಜ್ಜಿನ ವಿಲಿಯಂ ಹ್ಯೂವೆಲ್ ಎಂಬ ಪಂಡಿತನಿಗೆ ಕಾಗದ ಬರೆದು ಕೇಳಿದ. 'ಹೋಗುವಂಥದು' ಎಂಬರ್ಥದ ಗ್ರೀಕ್ ಪದ ಸಿಕ್ಕಿತು. ನಮ್ಮ ಉತ್ತರಾಯಣ ದಕ್ಷಿಣಾಯನಗಳ 'ಅಯನ' ಇದೆಯಲ್ಲ, ಹೋಗುವುದು, ಅದೂ ಆ ಗ್ರೀಕ್ ಪದವೂ ಒಂದೇ ಬೇರಿನವು. ಕನ್ನಡದಲ್ಲಿ ಅಯಾನು ಎಂದು ಬರೆದಾಗ ಅದು ಹೊರಗಿನ ಪದ ಅನಿಸದೆ ಇರಲು ಅದೂ ಒಂದು ಕಾರಣವೋ ಏನೋ.

ನಿಜವಾಗಿ ಹೋಗುವುದನ್ನು ನೋಡಬೇಕಾದರೆ ಖಾನಾಪುರದ ಕಡೆ ನೋಡಬೇಕು. ಆ ತಾಲೂಕಿನ ಕಣಕುಂಬಿಯ ಮಳೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಗೊತ್ತು. ಆ ಮಳೆ ಲಕ್ಷಾಂತರ ವರ್ಷದಿಂದ ಅಲ್ಲಿಯ ಕಲ್ಲನ್ನು ತೊಳೆಯುತ್ತಿದೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ, ಪೊಟ್ಯಾಶಿಯಂ, ಎರಡು ಕಳೆದುಕೊಂಡ ಕ್ಯಾಲ್ಸಿಯಂ, ಮೆಗ್ನೀಶಿಯಂ, ಇವೆಲ್ಲ ನೀರು ಕರೆದರೆ ಹೊರಟುಬಿಡುವ ಜಾತಿ. ಕೆಲವು ಮಲಪ್ರಭೆಗೆ ಇಳಿದು ಪೂರ್ವಕ್ಕೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಅಲ್ಲಿಂದ ಬಂಗಾಲ ಉಪಸಾಗರಕ್ಕೆ. ಅದೇ ತಾಲೂಕಿನ ಇನ್ನೊಂದು ಮಗ್ಗುಲಲ್ಲಿ ಬಿದ್ದ ಹನಿ ಮಹದಾಯಿ ಹಿಡಿದು ಗೋವಾಕ್ಕೆ. ಗೋವಾದ ಆಗರಗಳಲ್ಲಿ ಒಣಗಿಸಿದ ಉಪ್ಪು ಹಿಂದೆ ಎತ್ತಿನ ಹೇರಾಗಿ ಘಟ್ಟ ಹತ್ತಿ ನಮ್ಮ ಕಡೆ ಬರುತ್ತಿತ್ತು. ಖಾನಾಪುರದ ಗುಡ್ಡದಿಂದ ಹೋದ ಸೋಡಿಯಂ ಯಾರದೋ ಸಾರಿನಲ್ಲಿ ಖಾನಾಪುರಕ್ಕೇ ವಾಪಸು ಬಂದಿರಲಿಕ್ಕೂ ಸಾಕು.

ಹೊರಡದೆ ಹಟ ಹಿಡಿದು ಕೂತವು ಎರಡು. ಕಬ್ಬಿಣ, ಅಲ್ಯೂಮಿನಿಯಂ. ಇವು ಮೂವರನ್ನು ಕಳೆದುಕೊಂಡು ಆಮ್ಲಜನಕವನ್ನು ಬಿಗಿಯಾಗಿ ತಬ್ಬಿಕೊಂಡಿರುತ್ತವೆ, ಮಳೆಗೆ ಜಗ್ಗುವುದಿಲ್ಲ. ಬೇರೆಲ್ಲ ತೊಳೆದುಹೋಗಿ ಉಳಿದದ್ದೇ ನಮ್ಮ ಜಂಬಿಟ್ಟಿಗೆ. ಕಬ್ಬಿಣ ಹೆಚ್ಚಿದ್ದರೆ ಮನೆ ಕಟ್ಟುವ ಕೆಂಪು ಕಲ್ಲು, ಅಲ್ಯೂಮಿನಿಯಂ ಹೆಚ್ಚಿದ್ದರೆ ಬಾಕ್ಸೈಟು. ಘಟ್ಟದ ನೆತ್ತಿಯ ಮೇಲೆ ಆ ಬಾಕ್ಸೈಟು ಇರುವುದರಿಂದಲೇ ಬೆಳಗಾವಿಯ ಯಮನಾಪುರದಲ್ಲಿ ಇಂಡಾಲ್ ಎಂಬ ಅಲ್ಯೂಮಿನಿಯಂ ಕಾರ್ಖಾನೆ ಬಂತು. ಕಂಪನಿ ಹಿಂಡಾಲ್ಕೊ ಆಗಿ ವರ್ಷಗಳಾದರೂ ಊರಿನ ಬಾಯಲ್ಲಿ ಅದು ಇಂಡಾಲೇ.

"ನಮ್ಮ ಜರ್ಮನ್ ಬೋಗಾಣಿ ಅಲ್ಲಿಂದನ ಏನ್ರಿ?" ಎಂದರು ಅಕ್ಕಾರು. ಅಲ್ಯೂಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಪಾತ್ರೆ ಎನ್ನುವುದು ವಾಡಿಕೆ. ಒಂದು ಕಾಲಕ್ಕೆ ಅಲ್ಲಿ ಲೋಹವನ್ನೂ ತೆಗೆಯುತ್ತಿದ್ದರು, ಈಗ ಬಾಕ್ಸೈಟಿನಿಂದ ಅಲ್ಯುಮಿನಾ ಎಂಬ ಬಿಳಿ ಪುಡಿ ಮಾಡುತ್ತಾರೆ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಕಬ್ಬಿಣ ಕರಗದೆ ಕೆಂಪು ಕೆಸರಾಗಿ ಉಳಿಯುತ್ತದೆ. ಪುಡಿಯಿಂದ ಲೋಹ ಬರಬೇಕಾದರೆ ಕಳೆದುಕೊಂಡ ಮೂರು ಎಲೆಕ್ಟ್ರಾನನ್ನು ಅಲ್ಯೂಮಿನಿಯಮ್ಮಿಗೆ ಒಂದೊಂದಾಗಿ ತಂದು ಒಪ್ಪಿಸಬೇಕು. ಅದನ್ನು ಕರೆಂಟಿನಿಂದ ಅಗ್ಗವಾಗಿ 1886ರಲ್ಲಿ ಸಾಧಿಸಿದವರು ಅಮೆರಿಕದ ಹಾಲ್, ಫ್ರಾನ್ಸಿನ ಎರೂ. ಒಬ್ಬರಿಗೊಬ್ಬರು ಗೊತ್ತಿಲ್ಲ. ಇಬ್ಬರೂ ಹುಟ್ಟಿದ್ದು 1863, ಇಬ್ಬರೂ ತೀರಿದ್ದು 1914. ಜ್ಯೋತಿಷಿಗಳಿಗೆ ಬಿಟ್ಟ ವಿಷಯ.

ಆ ಮೂರರ ದರವನ್ನೂ ಹುಡುಗಿಗೆ ಬರೆಸಿದೆ. ಮೊದಲನೆಯದಕ್ಕೆ 578, ಎರಡನೆಯದಕ್ಕೆ 1817, ಮೂರನೆಯದಕ್ಕೆ 2745. ಮೂರೂ ಕೂಡಿದರೆ 5140. ನಾಲ್ಕನೆಯದು ಒಂದಕ್ಕೇ 11,577. ಮೂರರ ಮೊತ್ತದ ಎರಡು ಪಟ್ಟಿಗಿಂತಲೂ ಹೆಚ್ಚು. ಅದಕ್ಕೇ ಅಲ್ಯೂಮಿನಿಯಂ ಮೂರಕ್ಕೆ ಬಾಗಿಲು ಹಾಕುತ್ತದೆ. ಮೂರನ್ನಾದರೂ ಪೂರಾ ಬಿಟ್ಟುಕೊಡುತ್ತದೆ ಎನ್ನುವುದೂ ತುಸು ಅತಿಶಯವೇ. ಆಮ್ಲಜನಕದ ಜೊತೆ ಅದು ಕೊಟ್ಟೂ ಕೊಡದ ಹಾಗೆ ಒಂದು ಕೈ ಹಿಡಿದುಕೊಂಡೇ ಇರುತ್ತದೆ. ಹತ್ತನೇ ಇಯತ್ತೆಗೆ ಇದನ್ನು ಬರೆಯಬೇಡ, ಮಾರ್ಕು ಹೋಗುತ್ತದೆ ಎಂದೂ ಹೇಳಿದೆ.

ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ ಹತ್ತಿರ ಹತ್ತಿರ ಹದಿನಾಲ್ಕು ಯೂನಿಟ್ ಕರೆಂಟು ಬೇಕು. ಹಳೆಯದನ್ನು ಕರಗಿಸಿ ಮತ್ತೆ ಮಾಡಿದರೆ ಅದರ ಇಪ್ಪತ್ತರಲ್ಲಿ ಒಂದು ಪಾಲು ಸಾಕು, ಯಾಕೆಂದರೆ ಎಲೆಕ್ಟ್ರಾನುಗಳು ಆಗಲೇ ಮನೆಗೆ ಬಂದಿವೆ. ಹಳೇ ಬೋಗಾಣಿಯನ್ನು ಭಂಗಾರದವನು ಅಷ್ಟು ಆಸೆಯಿಂದ ತೂಗಿಕೊಳ್ಳುವುದು ಸುಮ್ಮನಲ್ಲ. ನಮ್ಮ ಬೆಳಗಾವಿಯಲ್ಲಿ ಗುಜರಿಗೂ ಚಿನ್ನಕ್ಕೂ ಒಂದು ಮಹಾಪ್ರಾಣದ ಫರಕು.

"ಅಂದ್ರ ಮೊನ್ನೆ ಅಂವ ನನಗ ಠಕ್ಕ ಹಾಕ್ಯಾನ" ಎಂದು ಅಕ್ಕಾರು ಹಂಡೆಯನ್ನು ಜೋರಾಗಿ ಒರೆಸತೊಡಗಿದರು. ಹಂಡೆ ಈಗ ಮುಖ ನೋಡಿಕೊಳ್ಳುವ ಹಾಗಿತ್ತು. ಸಂಜೆಯಾಗಿತ್ತು. ಇಬ್ಬರ ಮನೆಯಲ್ಲೂ ಚಹಾದ ಕೂಗು ಬಂತು.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಹುಡುಗಿಯ ಕೂಗು. ಮಗ್ಗಿನ ಮಾತು ನಾನು ಮರೆತೇ ಬಿಟ್ಟಿದ್ದೆ. ಅವಳು ಮೊಳೆಯನ್ನು ದಾರದಲ್ಲಿ ಕಟ್ಟಿ ಎತ್ತಿ ಹಿಡಿದಿದ್ದಳು. ಪೂರ್ತಿ ಚಂದವಾಗಿ ಆಗಿರಲಿಲ್ಲ. ತಲೆಯ ಕಡೆ ಹುಣಸೆಯ ಕರೆ ಹತ್ತಿ ಕಪ್ಪಾಗಿತ್ತು. ಆದರೆ ತುದಿಯಿಂದ ಅರ್ಧದವರೆಗೆ ತೆಳುವಾಗಿ, ಕೆಂಪಗೆ, ತಾಮ್ರ. ಕಬ್ಬಿಣ ತನ್ನ ಇಬ್ಬರನ್ನು ನೀರಿನಲ್ಲಿದ್ದ ತಾಮ್ರದ ಅಯಾನಿಗೆ ಕೊಟ್ಟು ತಾನು ನೀರಿಗೆ ಇಳಿದಿತ್ತು. ತಾಮ್ರ ಆ ಜಾಗಕ್ಕೆ ಬಂದು ಕೂತಿತ್ತು. ರೆಕ್ಟಿಫೈಯರ್ ಇಲ್ಲ, ಸೇಠ್ ಇಲ್ಲ. ಅಡಿಕೆ ತೋಟದವರು ಮೈಲುತುತ್ತದ ದ್ರಾವಣ ಸಿಂಪಡಿಸುವ ಮುಂಚೆ ಚೂರಿ ಅದ್ದಿ ನೋಡುವುದು ಇದನ್ನೇ. ಚೂರಿ ಕೆಂಪಾದರೆ ಇನ್ನೂ ಸುಣ್ಣ ಬೇಕು ಅಂತ.

ಅಕ್ಕಾರು ಗೋಡೆಯ ಹತ್ತಿರ ಬಂದು ಮೊಳೆಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಕಲಾಯಿ ಮಾಡಿದಂಗ ಆಗೇತಲ್ರಿ. ಈ ತಾಂಬ್ರ ಎಲ್ಲಿದು?"

"ನಿಮ್ಮ ಹಂಡೇದ್ರಿ. ನಿನ್ನೆ ತಿಕ್ಕಿದಾಗ ನೀರಿಗೆ ಇಳಿದದ್ದು."

ಅವರು ಒಮ್ಮೆ ಹೊಳೆಯುವ ಹಂಡೆ ನೋಡಿದರು, ಒಮ್ಮೆ ಮೊಳೆ ನೋಡಿದರು. ವರ್ಷ ವರ್ಷದ ದೀಪಾವಳಿ ಲೆಕ್ಕ ಹಾಕುತ್ತಿದ್ದರೋ ಏನೋ, ತುಟಿ ಅಲ್ಲಾಡುತ್ತಿತ್ತು. ಆಮೇಲೆ ಮೊಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಮಗ್ ನಿಮ್ಮದ, ಇಟ್ಕೋರಿ" ಎಂದು ಒಳಗೆ ಹೋದರು.